ಅಮ್ಮನ ಗ್ರೇವಿಗೆ ನಾನು ಹಾಕಿದ್ದು

ಮಗಳೇ,

ನೀನು ಈ ಮನೆಯ ಮೆಟ್ಟಿಲಿಳಿದು ಹೋಗಿ ಹದಿನಾಲ್ಕು ತಿಂಗಳಾಯಿತು. ಕಾಗದ ಬರೆದು ಅಭ್ಯಾಸವಿಲ್ಲದ ಕೈ ನನ್ನದು. ಮೂವತ್ತು ವರ್ಷ ಕಂಡವರ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಬಳಿದ ಕೈ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಹರಿದು ಹಾಕುವುದಾದರೆ ಪೂರ್ತಿ ಓದಿದ ಮೇಲೆ ಹರಿದು ಹಾಕು.

ಲಕ್ವ ಹೊಡೆದ ಮೇಲೆ ಅಮ್ಮನಿಗೆ ನುಂಗುವುದು ಕಷ್ಟವಾಗಿದ್ದು ನಿನಗೆ ಗೊತ್ತೇ ಇದೆ. ನೀರಿನಂಥದ್ದು ಏನು ಕೊಟ್ಟರೂ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುವ ಭಯ. ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಹೆಂಗಸು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ಕೊಡೋದೆಲ್ಲ ಜೇನುತುಪ್ಪದ ಹಾಗಿರಬೇಕು, ಚಮಚದಿಂದ ನಿಧಾನಕ್ಕೆ ಜಾರಬೇಕು. ಆದ್ರೆ ಮೈದಾ, ಕಾರ್ನ್‌ಫ್ಲೋರ್ ಹಾಕಿ ದಪ್ಪ ಮಾಡ್ಬೇಡಿ. ಇವರು ತುತ್ತನ್ನ ತುಂಬಾ ಹೊತ್ತು ಬಾಯಲ್ಲೇ ಇಟ್ಕೋತಾರೆ. ಎಂಜಲು ಸೇರಿದ್ರೆ ಆ ಹಿಟ್ಟು ಮತ್ತೆ ನೀರಾಗುತ್ತೆ. ಕೆಮ್ಮು ಬಂತು ಅಂದ್ರೆ ಅಲ್ಲಿಗೇ ನಿಲ್ಲಿಸಿ, ನಮಗೆ ತಿಳಿಸಿ." ದಪ್ಪ ಮಾಡಲು ಅವರೇ ಕೊಟ್ಟ ಪುಡಿಯೊಂದಿತ್ತು, ಅದು ಅಮ್ಮನ ಹೊಟ್ಟೆಗೆ ಒಗ್ಗಲಿಲ್ಲ.

ಹದ ನೋಡುವುದು ನನಗೆ ಯಾವ ಲೆಕ್ಕ ಅಂದುಕೊಂಡೆ. ಮೊದಲ ವಾರ ಮಾಡಿದ್ದೆಲ್ಲ ಗಂಟುಗಂಟು. ಆಮೇಲೆ ದಾರಿ ಸಿಕ್ಕಿತು. ಸಿಹಿಗುಂಬಳ, ಕ್ಯಾರೆಟ್, ಈರುಳ್ಳಿ ಮೂರನ್ನೂ ಕರಗುವವರೆಗೆ ಬೇಯಿಸಿ, ಅರೆದು, ಬಣ್ಣ ಸೋಸುವ ಬಟ್ಟೆಯ ಹೊಸ ತುಂಡಿನಲ್ಲಿ ಹಿಂಡಿ, ಗ್ರೇವಿಗೆ ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತಾ ನಿಲ್ಲುವುದು. ತಟ್ಟೆಯ ಮೇಲೆ ಸುರಿದು ಬೆರಳಲ್ಲಿ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಮೊದಲ ಸಲ ಸರಿಯಾಗಿ ಬಂದ ದಿನ ಅಮ್ಮ ಬಾಯಲ್ಲಿ ಇಟ್ಟುಕೊಂಡು, ತುಂಬ ಹೊತ್ತಿನ ಮೇಲೆ ನುಂಗಿ, ಅರ್ಧ ಬಾಯಲ್ಲಿ ಹೇಳಿದಳು: "ರೀ, ಇದನ್ನ ಗೋಡೆಗೆ ಬಳೀರಿ. ಎರಡು ಕೋಟು." ಇಬ್ಬರೂ ನಕ್ಕೆವು. ಅವಳು ನಕ್ಕರೆ ಒಂದೇ ಕಡೆ ಕೆನ್ನೆ ಏಳುತ್ತಿತ್ತು.

ಹೀಗೆ ಏಳು ತಿಂಗಳು, ದಿನಕ್ಕೆ ಮೂರು ಹೊತ್ತು. ಮೇಲ್ಛಾವಣಿಗೆ ಬಣ್ಣ ಹೊಡೆದೂ ಹೊಡೆದೂ ಕೆಟ್ಟಿದ್ದ ಬಲಭುಜ ಬಟ್ಟೆ ಹಿಂಡುವಾಗ ಕಿತ್ತು ಬರುತ್ತಿತ್ತು. ಸಾಕಾಗಿತ್ತು ಕಣಮ್ಮ. ಪ್ರೀತಿ ಮಾತ್ರ ಒಂದು ದಿನವೂ ಕಮ್ಮಿಯಾಗಲಿಲ್ಲ ಅಂತ ಬರೆಯಲು ಹೊರಟಿದ್ದೆ. ಅದೂ ಸುಳ್ಳು. ಕೆಲವು ದಿನ ಕಮ್ಮಿಯಾಗಿತ್ತು.

ಒಂದು ಬೆಳಿಗ್ಗೆ ಕುಂಬಳ ಮುಗಿದಿತ್ತು. ಅಂಗಡಿಗೆ ಹೋಗಬಹುದಿತ್ತು, ನಾಲ್ಕು ಹೆಜ್ಜೆ. ಹೋಗಲಿಲ್ಲ. ಕಪಾಟಿನಲ್ಲಿ ಹಳೆಯ ಕಾರ್ನ್‌ಫ್ಲೋರ್ ಪೊಟ್ಟಣವಿತ್ತು. ಎರಡು ಚಮಚ ತಣ್ಣೀರಲ್ಲಿ ಕದಡಿ ಸುರಿದೆ. ಐದೇ ನಿಮಿಷ, ಹಾಳಾದ್ದು ಎಷ್ಟು ನಯವಾಗಿ, ಹೊಳೆಯುತ್ತಾ ಬಂತು! ತಟ್ಟೆಯ ಮೇಲೆ ಗೆರೆ ನಿಂತಿತು. ಕುಂಬಳದ ಸಿಹಿಯಿಲ್ಲವೆಂದು ಅಮ್ಮನಿಗೂ ಇಷ್ಟವಾಯಿತು. ಕೊನೆಯ ತುತ್ತಿಗೆ ಕೆಮ್ಮಿದಳು. ಧೂಳಿಗೆ ಇರಬೇಕು ಅಂದುಕೊಂಡೆ. ಮಧ್ಯಾಹ್ನವೂ ಅದನ್ನೇ ಹಾಕಿದೆ. ಮತ್ತೆ ಕೆಮ್ಮಿದಳು.

ಒಂಬತ್ತು ದಿನ ಹಾಗೇ ಉಣಿಸಿದೆ. ತಪ್ಪು ಅಂತ ತಿಳಿಯದೆ ಮಾಡಿದ್ದರೆ ಪೊಟ್ಟಣವನ್ನು ಬಣ್ಣದ ಡಬ್ಬಗಳ ಹಿಂದೆ ಬಚ್ಚಿಡುತ್ತಿದ್ದೆನೇ? ಆರನೆಯ ಸಂಜೆ ಅವಳ ಮೈ ಬೆಚ್ಚಗಿತ್ತು. ಒಂದು ಮಾತ್ರೆ ಅರೆದು ಕೊಟ್ಟು ಸುಮ್ಮನಾದೆ.

ಹತ್ತನೆಯ ದಿನ ನೀನು ಬಂದೆ. ಬಸಿರಾದ ಸುದ್ದಿಯನ್ನು ಮೊದಲು ಅಮ್ಮನ ಕಿವಿಗೆ ಹಾಕಬೇಕೆಂದು ಬಂದಿದ್ದೆ. ನಾನು ಹೊರಗೆ ಹೋಗಿದ್ದೆ. ಅವಳು ಏನು ಕೇಳಿದಳೆಂದು ಆಮೇಲೆ ನೀನೇ ಅಳುತ್ತಾ ಹೇಳಿದೆ: "ಬಾಯಿ ಸಿಹಿ ಬೇಡ ಕಣೇ, ಬಾಯಿ ಒದ್ದೆ ಮಾಡು ಸಾಕು." ನೀನು ಮೂರು ಚಮಚ ನೀರು ಕೊಟ್ಟೆ. ಕೊಡಬಾರದೆಂದು ನಿನಗೂ ಗೊತ್ತಿತ್ತು, ಆದರೂ ತಾಯಿ ಬೇಡಿದಳೆಂದು ಕೊಟ್ಟೆ.

ಎರಡು ದಿನಕ್ಕೆ ಜ್ವರ ಏರಿ ಆಸ್ಪತ್ರೆಗೆ ಒಯ್ದೆವು. ನ್ಯುಮೋನಿಯಾ ಅಂದರು. ಡಾಕ್ಟರು ನಿನ್ನ ಎದುರಿಗೇ ಕೇಳಿದರು, "ಮನೇಲಿ ಏನು ಕೊಡ್ತಿದ್ರಿ?" ನಾನು ಅಂದೆ: "ತರಕಾರಿ ಅರೆದು ದಪ್ಪ ಮಾಡಿದ್ದೇ ಸಾರ್, ಒಂದು ದಿನಾನೂ ತಪ್ಪಿಸಿಲ್ಲ. ಇವಳೇ ನೀರು ಕುಡಿಸಿದ್ದು." ನನ್ನ ಬೆರಳು ನಿನ್ನ ಕಡೆಗಿತ್ತು. ನೀನು ತಲೆ ತಗ್ಗಿಸಿದೆ. ಆ ಗಳಿಗೆಯಲ್ಲಿ ನನಗೇನಾಯಿತು ಗೊತ್ತೇ? ನಿರಾಳವಾಯಿತು.

ಐದನೆಯ ದಿನ ಅವಳು ಹೋದಳು. ಮನೆ ತುಂಬ ಜನರಿದ್ದಾಗ ನಾನು ಕೂಗಿದೆ, "ನಿನ್ನ ಅಮ್ಮನ್ನ ನೀನೇ ಕೊಂದೆ." ನೀನು ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಯ್ದುಕೊಳ್ಳಲು ಬಗ್ಗಲೂ ಇಲ್ಲ. ಆ ಸುಳ್ಳಿನ ನೆರಳಿನಲ್ಲೇ ಉಂಡೆ, ಮಲಗಿದೆ, ನಾಲ್ಕು ಮನೆಗೆ ಬಣ್ಣವನ್ನೂ ಹೊಡೆದೆ.

ಮೊನ್ನೆ ನಿನ್ನ ಗಂಡ ಫೋನ್ ಮಾಡಿದ್ದ. "ಮಾವ, ಮಗೂಗೆ ಒಂದು ಚಮಚ ನೀರೂ ಅವಳು ಕುಡಿಸಲ್ಲ. ನಾನಿಲ್ಲದಾಗ ಪಕ್ಕದ ಮನೆಯವರನ್ನ ಕರೀತಾಳೆ. ಯಾಕೆ ಅಂತ ಕೇಳಿದ್ರೆ ನಿಮ್ಮ ಮಾತನ್ನೇ ಹೇಳ್ತಾಳೆ." ಏಳು ತಿಂಗಳ ಕೂಸಿನ ಬಾಯಿಗೂ ನಿನ್ನ ಕೈಗೂ ನಡುವೆ ನಾನು ಕೂತಿದ್ದೇನೆ.

ಯಾವ ತುತ್ತು ಅವಳನ್ನು ಕೊಂದಿತೆಂದು ಯಾವ ಡಾಕ್ಟರೂ ಹೇಳಲಾರರು. ಆದರೆ ನೀನು ಕೊಟ್ಟಿದ್ದು ಮೂರು ಚಮಚ, ಬೇಡಿದ್ದಕ್ಕೆ. ನಾನು ಕೊಟ್ಟಿದ್ದು ಒಂಬತ್ತು ದಿನದ ಊಟ, ಕೆಮ್ಮು ಕೇಳಿಸಿಕೊಂಡೇ. ಈ ಕಾಗದವನ್ನು ನಿನ್ನ ಗಂಡನಿಗೆ ತೋರಿಸು, ಅಂದು ಮನೆಯಲ್ಲಿದ್ದ ಎಲ್ಲರಿಗೂ ತೋರಿಸು. ಕ್ಷಮೆ ಕೇಳಲು ನನಗೆ ಮುಖವಿಲ್ಲ, ನೀನು ಕೊಟ್ಟರೂ ಇಟ್ಟುಕೊಳ್ಳಲು ಜಾಗವಿಲ್ಲ. ಇತ್ತ ಬರಬೇಡ, ನಾನೂ ಬರುವುದಿಲ್ಲ.

ನಿನ್ನ ಕೂಸಿಗೆ ನಿನ್ನ ಕೈಯಿಂದಲೇ ನೀರು ಕುಡಿಸು ತಾಯಿ. ಆ ಕೈ ತಪ್ಪು ಮಾಡಿಲ್ಲ. ಇಬ್ಬರೂ ತಣ್ಣಗಿರಿ.

ಇಂತಿ,
ನಿನ್ನ ಅಮ್ಮನಿಗೆ ಉಣಿಸುತ್ತಿದ್ದವನು