ಅಮ್ಮಿ ಆರಿಸಿದ ಹಲಗೆ

ಹರಿಹರ
ಬುಧವಾರ, 16 ಜುಲೈ 2025

ಮಗಳೇ ಬುಷ್ರಾ,

ಸಲಾಮು. ನಿನಗೂ ಅಳಿಯ ಅಸದ್‌ಗೂ ನನ್ನ ದುವಾ.

ಭಾನುವಾರದಿಂದ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ನೀನು ಎತ್ತಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಹರಿಹರದಿಂದ ದಾವಣಗೆರೆಯ ನಿಮ್ಮ ನಿಜಲಿಂಗಪ್ಪ ಬಡಾವಣೆ ಏನು ಲಂಡನ್ನೇ, ಹೋಗಿಯೇ ಬಿಡೋಣ ಎಂದು ಸೋಮವಾರ ಬುರ್ಖಾ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಹೋದೆ. ದಾವಣಗೆರೆಯ ಮೂರು ಬಸ್ಸು ಬಂದವು, ಮೂರನ್ನೂ ಬಿಟ್ಟೆ. ನೀನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟರೆ ಏನು ಗತಿ ಎಂದು ಕಾಲು ಬರಲಿಲ್ಲ. ಅದಕ್ಕೇ ಈ ಕಾಗದ. ಇದನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಅಷ್ಟು ಕಲ್ಲು ಮನಸ್ಸು ನಿನ್ನದಲ್ಲ.

ಎರಡು ವಿಷಯ ಬರೆಯಬೇಕು. ಒಂದು ನನ್ನ ಹಲಗೆಯದು, ಇನ್ನೊಂದು ನಿನ್ನ ಅಬ್ಬಾನದು. ಹಲಗೆಯದು ಸುಲಭ, ಅದನ್ನು ಮೊದಲು ಬರೆಯುತ್ತೇನೆ.

ಏಪ್ರಿಲ್‌ನಲ್ಲಿ ಕೊಕ್ಕನೂರಿನ ಹನುಮೇಶ್ ಎಂಬವನು ದೊಡ್ಡ ಗಂಟು ಹೊತ್ತು ಮನೆಗೆ ಬಂದ. ಐದಾರು ವರ್ಷ ತಮಿಳುನಾಡಿನ ಕಡಲ ದಂಡೆಯಲ್ಲಿ ಕೆಲಸ ಮಾಡಿ ಈ ಆಟ ಕಲಿತು ಬಂದವನು. ಗಾಳಿಪಟದ ಹಗ್ಗ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಡಿ ಒಂದು ಹಲಗೆ ಇಟ್ಟುಕೊಂಡು ನೀರಿನ ಮೇಲೆ ಓಡುವುದು. ಈಗ ನಮ್ಮ ಗಾಳಿಯಲ್ಲಿ ಸೂಳೆಕೆರೆಯಲ್ಲಿ ನಾಲ್ಕೈದು ಜನಕ್ಕೆ ಕಲಿಸುತ್ತಾನೆ. ಗಂಟು ಬಿಚ್ಚಿದರೆ ಪಟ ನಮ್ಮ ಪಡಸಾಲೆ ತುಂಬಿ ಅಡುಗೆಮನೆಗೂ ಬಂತು. ಜಾಲಿ ಮುಳ್ಳಿಗೆ ಸಿಕ್ಕಿ ಒಂದು ಮಾರು ಹರಿದಿತ್ತು. "ಅಕ್ಕಾರೆ, ನಿಮ್ಮ ಮನ್ಯಾಗ ಆಟೋ ಹುಡ್ ಹೊಲಿಯೋ ಮಿಷನ್ ಐತಂತಲ್ರಿ, ಇದನ್ನ ಹೊಲಿಯಾಕ ಆಗ್ತೈತೇನ್ರಿ?" ಎಂದು ಕೇಳಿದ.

ಅದು ನಿನ್ನ ಅಬ್ಬಾನ ಮಿಷನ್. ಅವರು ಹೋದ ಮೇಲೆ ನಾಲ್ಕು ವರ್ಷ ಅದರ ಮುಸುಕು ತೆಗೆದಿರಲಿಲ್ಲ. ತೆಗೆದೆ, ಎಣ್ಣೆ ಬಿಟ್ಟೆ. ಕೊಡೆಯ ಬಟ್ಟೆಗಿಂತ ತೆಳು, ಆದರೆ ಹಟಮಾರಿ ಬಟ್ಟೆ, ಸೂಜಿ ಕೆಳಗೆ ಜಾರುತ್ತದೆ. ಎರಡು ದಿನ ಹಿಡಿಯಿತು. ಹೊಲಿಗೆ ಗಾಳಿಗೆ ತಡೆಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕು, ಅದು ನನ್ನ ಕಸುಬಿನ ಮರ್ಯಾದೆ ಎಂದು ಹಟ ಮಾಡಿ ಅವನ ವ್ಯಾನಿನಲ್ಲಿ ಕೆರೆಗೆ ಹೋದೆ. ನೋಡಿದರೆ ಪಟ ಹಿಡಿದು ನೀರಿಗಿಳಿದದ್ದು ಹನುಮೇಶ್ ಅಲ್ಲ, ಅವನ ಹೆಂಡತಿ ಲತಾ. ಚೂಡಿದಾರದಲ್ಲೇ! ನಾನು ಹೊಲಿದ ಬಟ್ಟೆ ಆ ಹುಡುಗಿಯನ್ನು ಎಳೆದುಕೊಂಡು ಕೆರೆಯ ಆ ದಂಡೆಗೆ ಹೋಯಿತು, ಈ ದಂಡೆಗೆ ಬಂತು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಬುಷ್ರಾ. ಆಷಾಢದ ಗಾಳಿ ಕಿಟಕಿ ಬಡಿದರೆ ಕೈಲಿದ್ದ ಬ್ಲೌಸ್ ಬಿಟ್ಟು ಮಾಳಿಗೆಗೆ ಓಡುತ್ತೇನೆ, ಗಾಳಿ ಯಾವ ಕಡೆಯದು ಎಂದು ನೋಡಲು. ಒಬ್ಬರಿಗೆ ಎರಡೂ ತೋಳು ಬಲಗಡೆಯವೇ ಇಟ್ಟು ಹೊಲಿದುಕೊಟ್ಟೆ, ಬೈಸಿಕೊಂಡೆ. ಹನ್ನೊಂದು ವರ್ಷದವಳಾಗುವವರೆಗೆ ನಾನು ತುಂಗಭದ್ರೆಯಲ್ಲಿ ಈಜುತ್ತಿದ್ದೆ ಎಂದು ನಿನಗೆ ಯಾವತ್ತೂ ಹೇಳಿಲ್ಲ. ಆಮೇಲೆ ನನ್ನ ತಾಯಿ ಒಂದು ದಿನ ಜಡೆ ಹಿಡಿದು ಮನೆಗೆ ಎಳೆತಂದಳು, ಅಲ್ಲಿಗೆ ಮುಗಿಯಿತು. ಈಗ ನನಗೆ ಐವತ್ತೆರಡು. ಬೇಕು ಅಂದರೆ ಬೇಕು, ಅಷ್ಟೇ. ಬೇರೆ ಕಾರಣ ಹುಡುಕಿ ಸುಸ್ತಾಗಿದೆ.

ಮೂರು ವಾರ ದಂಡೆಯ ಮೇಲೆ ಸಣ್ಣ ಪಟ ಹಾರಿಸಿದೆ. ಆಮೇಲೆ ಲೈಫ್ ಜಾಕೆಟ್ ತೊಟ್ಟು, ಹಲಗೆ ಇಲ್ಲದೆ ನೀರಲ್ಲಿ ಎಳೆಸಿಕೊಂಡೆ. ಅದಕ್ಕೆಂದೇ ಉದ್ದ ತೋಳಿನ, ಮೊಣಕಾಲು ಮುಚ್ಚುವ, ನೀರು ಕುಡಿಯದ ಬಟ್ಟೆಯ ಜೋಡಿ ಹೊಲಿದುಕೊಂಡಿದ್ದೇನೆ, ತಲೆಗೆ ಟೋಪಿ ಸಮೇತ. ನಿನ್ನ ಗಂಡನ ಮನೆಯವರು ನೋಡಿದರೂ ಒಂದು ಬೆರಳು ಎತ್ತುವಂತಿಲ್ಲ. ಕೊನೆಗೆ ಹಲಗೆ ಆರಿಸುವ ದಿನ ಬಂತು.

ಹನುಮೇಶ್ ಎರಡು ಹಲಗೆ ಮುಂದಿಟ್ಟ. ಎರಡೂ ತುದಿ ಒಂದೇ ಥರ ಇರುವಂಥವು. ಎಡಕ್ಕೂ ಹೋಗಬಹುದು ಬಲಕ್ಕೂ ಹೋಗಬಹುದು, ತಿರುಗಿಸುವ ಗೋಜಿಲ್ಲ. ಕಾಲು ತೂರಿಸಲು ಚಪ್ಪಲಿಯ ಹಾಗೆ ಪಟ್ಟಿ. ಒಂದು ನೂರ ಮೂವತ್ತೆರಡು ಸೆಂಟಿಮೀಟರಿನದು, ಹೊಸದು, ನವಿಲು ಬಣ್ಣ, ಅಯ್ಯೋ ಎಷ್ಟು ಚೆಂದ. ಇನ್ನೊಂದು ನೂರ ನಲವತ್ತನಾಲ್ಕರದು, ಅಗಲ, ಬೂದು ಬಣ್ಣ, ಯಾರೋ ಬಳಸಿ ಮೂಲೆ ಸವೆದದ್ದು, ಬಚ್ಚಲುಮನೆಯ ಹಳೇ ಕದದಂಥದ್ದು. ನಾನು ಕುಳ್ಳಿ, ನನಗೆ ಚಿಕ್ಕದೇ ಸರಿ ಎಂದು ನವಿಲಿಗೆ ಕೈ ಹಾಕಿದೆ. "ಎತ್ತರ ನೋಡಬ್ಯಾಡ್ರಿ ಅಕ್ಕಾರೆ, ತೂಕ ನೋಡ್ರಿ. ಕಲಿಯೋರಿಗೆ ದೊಡ್ಡದು ಬೇಕು, ಅಗಲ ಬೇಕು, ಬೇಗ ನೀರಿನ ಮ್ಯಾಲೆ ಎತ್ತತೈತಿ. ಕೆರೆ ಗಾಳಿ ಒಂದೇ ಸಮ ಇರಂಗಿಲ್ಲ, ಗಾಳಿ ಇಳಿದ ಕೂಡ್ಲೇ ಸಣ್ಣದು ಮುಳುಗತೈತಿ" ಎಂದ. ನಿಮ್ಮ ತೂಕ ಎಷ್ಟೆಂದು ಕೇಳಿದ. ಐವತ್ತೆಂಟು ಎಂದೆ. ಲತಾ ಕೆಮ್ಮಿದಳು.

ಬರುವಾಗ ಆ ಪುಣ್ಯಾತ್ಗಿತ್ತಿ ಅಕ್ಕಿ ಗಿರಣಿ ಮುಂದೆ ವ್ಯಾನ್ ನಿಲ್ಲಿಸಿ, ಮೂಟೆ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದಳು. ಅರವತ್ತೊಂಬತ್ತು! ಗಿರಣಿಯ ತಿಪ್ಪೇರುದ್ರಪ್ಪನವರು "ಚೀಲದ ತೂಕ ಕಳೀಲೇನ್ರಿ ಬೇಗಂ?" ಎಂದು ಕೇಳಿದರು, ಹಮಾಲರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಬುದ್ಧಿ ಬರಲಿಲ್ಲ. ಭಾನುವಾರ ಹಟಕ್ಕೆ ನವಿಲನ್ನೇ ಕಟ್ಟಿಕೊಂಡು ಇಳಿದೆ. ಒಂಬತ್ತು ಸಲ ಬಿದ್ದೆ. ಎದ್ದೆ ಅನ್ನುವಷ್ಟರಲ್ಲಿ ಹಲಗೆ ಕಾಲಡಿಯೇ ಮುಳುಗುತ್ತಿತ್ತು. ಅರ್ಧ ಕೆರೆ ಕುಡಿದೆ. ಲತಾ ತೆಗೆದ ವಿಡಿಯೋ ನೋಡಿ ನನಗೇ ಹಿಗ್ಗು ತಡೆಯದೆ ಸ್ಟೇಟಸ್ ಹಾಕಿದೆ. ನೀನು ನೋಡಿದೆ, ಅವತ್ತೇ ರಾತ್ರಿ ಫೋನ್ ಮಾಡಿದೆ.

ಫೋನಿನಲ್ಲಿ ನೀನು ಅಂದದ್ದು ಮೂರು ದಿನದಿಂದ ಕಿವಿಯಲ್ಲೇ ಇದೆ. "ನಾನು ಹದಿನೈದು ವರ್ಷದಾಕಿ ಇದ್ದಾಗ ಖೋಖೋ ಕ್ಯಾಂಪಿಗೆ ಕಳಿಸಾಕ ಅಬ್ಬಾ ಬ್ಯಾಡ ಅಂದ್ರು, ನೀನು ತುಟಿ ಪಿಟಕ್ ಅನ್ನಲಿಲ್ಲ. ಈಗ ಅಬ್ಬಾ ಇಲ್ಲ ಅಂತ ನೀರಿನ ಮ್ಯಾಲೆ ಕುಣಿಯಾಕ ಹೊಂಟೀಯ? ಆವಾಗ ಈ ಧೈರ್ಯ ಎಲ್ಲಿತ್ತು?" ಎಂದು ಕೇಳಿ ಇಟ್ಟುಬಿಟ್ಟೆ. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನೀನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಚಹಾ ಇಟ್ಟೆ, ಉಕ್ಕಿ ಹೋಯಿತು. ಒಲೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಸರಿ, ಹಲಗೆಯದು ಮುಗಿಸಿಬಿಡುತ್ತೇನೆ.

ನಿನ್ನೆ ಒಂದು ಮಗುವಿನ ಫ್ರಾಕು ಹೊಲಿಯುತ್ತಿದ್ದೆ. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವುದು ನನ್ನ ರೂಢಿ, ಬರುವ ವರ್ಷ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು. ಆಗ ಹನುಮೇಶ್ ಹೇಳಿದ್ದು ತಲೆಗೆ ಹೋಯಿತು. ಕಲಿಯುವವರ ಹಲಗೆಯೂ ಹಾಗೇ, ತಪ್ಪು ಹೆಜ್ಜೆಗೂ ಅದರಲ್ಲಿ ಜಾಗ ಇರಬೇಕು. ಚೆಂದ ಆಮೇಲೆ. ತಕ್ಷಣ ಫೋನ್ ಮಾಡಿ ಬೂದು ಹಲಗೆಯೇ ನನ್ನದು, ಯಾರಿಗೂ ಕೊಡಬೇಡ ಎಂದೆ. ಅವನು "ಹಂಗ ಬರ್ರಿ ದಾರಿಗೆ" ಎಂದ. ಫೋನಿಟ್ಟು ಅದೇ ಫ್ರಾಕು ಹಿಡಿದು ಅತ್ತುಬಿಟ್ಟೆ, ಬುಷ್ರಾ. ಊರ ಮಕ್ಕಳಿಗೆಲ್ಲ ಬಟ್ಟೆ ಬಿಟ್ಟು ಹೊಲಿದವಳು ಹೆತ್ತ ಮಗಳನ್ನು ಎಷ್ಟು ಬಿಗಿಯಾಗಿ ಬೆಳೆಸಿದೆ!

ಭಾನುವಾರ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ನಿನ್ನ ಅಪ್ಪಣೆ ಕೇಳುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನೀನು ಬಂದು ದಂಡೆಯಲ್ಲಿ ನಿಂತು ಬೈದರೂ ನನಗೆ ಖುಷಿ. ವ್ಯಾನು ದಾವಣಗೆರೆ ಮೇಲೇ ಹೋಗುತ್ತದೆ. ಏಳು ಗಂಟೆಗೆ ನಿನ್ನ ಬೀದಿಯ ತುದಿಯಲ್ಲಿ ಐದು ನಿಮಿಷ ನಿಲ್ಲಿಸಲು ಹೇಳಿದ್ದೇನೆ. ನನ್ನ ಮುಖ ನೋಡಲು ನಿನಗೆ ಮನಸ್ಸಿಲ್ಲದಿದ್ದರೆ ಬರಬೇಡ, ನಾನೂ ಇಳಿಯುವುದಿಲ್ಲ.

ಇನ್ನು ಎರಡನೇ ವಿಷಯ. ನಿನ್ನ ಅಬ್ಬಾ ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ನೀನು ನಂಬುವುದಿಲ್ಲ, ಗೊತ್ತು. ಇದರ ಬಗ್ಗೆ ಇನ್ನೂ ಬರೆಯುವುದಿದೆ, ಆದರೆ ಕೈ ನೋಯುತ್ತಿದೆ. ಇವತ್ತಿಗೆ ಇಷ್ಟು ಸಾಕು. ಮಳೆಗಾಳಿ ಜೋರಿದೆ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಮ್ಮಿ,
ದಿಲ್ಷಾದ್

ತಾ.ಕ.: ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದು ಬಿಚ್ಚಿದ್ದೇನೆ. ಕೈ ನೋಯುತ್ತಿದೆ ಎಂದದ್ದು ಸುಳ್ಳು. ಅವತ್ತು ನಿನಗೆ ಖೋಖೋ ಕಲಿಸುತ್ತಿದ್ದ ಸುಧಾ ಮೇಡಂ ಕ್ಯಾಂಪಿನ ವಿಷಯ ಕೇಳಲು ಮನೆಗೆ ಬಂದಾಗ ನಿನ್ನ ಅಬ್ಬಾ ಅಂಗಡಿಯಲ್ಲಿದ್ದರು. ಬಾಗಿಲಲ್ಲಿ ನಿಂತು "ಅವರಪ್ಪ ಒಪ್ಪಂಗಿಲ್ರಿ" ಎಂದವಳು ನಾನು. ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ನೀನು ದೂರ ಹೋದರೆ ನನ್ನ ಕೈಗೆ ಸಿಗುವುದಿಲ್ಲ ಎಂದು ಹೆದರಿದ್ದೆ. ಅಬ್ಬಾನನ್ನೇ ಕೇಳುತ್ತೇನೆ ಎಂದು ನೀನು ಹೊರಟಾಗ, ಬೇಡ, ಮನೆಯಲ್ಲಿ ಜಗಳವಾಗುತ್ತದೆ ಎಂದು ನಿನ್ನ ಕೈ ಹಿಡಿದು ಅತ್ತೆ. ನನ್ನ ಮುಖ ನೋಡಿ ನೀನು ಕೇಳುವುದನ್ನೇ ಬಿಟ್ಟೆ. ಆಮೇಲೆ ಹನ್ನೆರಡು ವರ್ಷ ನೀನು ಅವರ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆ. ಆಸ್ಪತ್ರೆಯಲ್ಲಿ ಕೊನೇ ವಾರ ಅವರು ನನ್ನನ್ನು ಕೇಳಿದರು, "ಬುಷ್ರಾಗೆ ನನ್ ಮ್ಯಾಲೆ ಯಾಕ ಸಿಟ್ಟು? ನಾನೇನ್ ಮಾಡೀನಿ?" ಎಂದು. ನನಗೇನು ಗೊತ್ತು, ಮಲಕ್ಕೊಳ್ರಿ ಎಂದೆ.