ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ಜೂನ್ 14, ಶುಕ್ರವಾರ

ಪ್ರೀತಿಯ ಗುಬ್ಬಿಗೆ,

ಕರ್ತನ ಹೆಸರಿನಲ್ಲಿ ಅಮ್ಮನ ವಂದನೆಗಳು. ಒಂಬತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಅತ್ತು ರಂಪ ಮಾಡಿ ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಕಾಗದವಾದರೆ ಅರ್ಧಕ್ಕೇ ಹರಿದು ಹಾಕಬಹುದು.

ಇಲ್ಲಿ ಎಲ್ಲರೂ ಆರೋಗ್ಯ. ಯೂನಿಫಾರಂ ಬಟ್ಟೆ ರಾಶಿ ಬಿದ್ದಿದೆ. ಮೊನ್ನೆ ಮೂರು ಷರಟಿನ ಕಾಲರ್ ಉಲ್ಟಾ ಹೊಲಿದು ಬಿಚ್ಚಿದೆ. ನಿಮ್ಮಪ್ಪ ನೋಡಿಯೂ ನೋಡದ ಹಾಗೆ ಕೂತಿದ್ದರು.

ಸುತ್ತಿ ಬಳಸುವುದು ಸಾಕು. ಒಬ್ಬ ರೋಗಿಯ ಮಾತ್ರೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟುಬಿಟ್ಟೆ, ಪುಣ್ಯಕ್ಕೆ ಅವರಿಗೇನೂ ಆಗಲಿಲ್ಲ ಎಂದು ನೀನು ಹೇಳಿದ್ದು ನನ್ನೊಬ್ಬಳಿಗೆ. "ಏನ್ ಮಾಡ್ಲಿ ಅಂತ ಗೊತ್ತಾಗ್ತಿಲ್ಲಮ್ಮ, ದೇವ್ರು ಬುದ್ಧಿ ಕೊಡ್ಲಿ ಅಂತ ಪ್ರಾರ್ಥನೆ ಮಾಡು" ಎಂದು ಕೇಳಿಕೊಂಡೆ. ಮಾರನೆಯ ದಿನ ಬುಧವಾರ. ಪಾಸ್ಟರಮ್ಮನ ಮನೆಯ ಕೂಟದಲ್ಲಿ ಕಡೇ ಪ್ರಾರ್ಥನೆ ನನ್ನದೇ ತಾನೆ? ಹೆಂಗಸರು ನನಗೆ ಕಣ್ಣೀರಮ್ಮ ಅಂತ ಅಡ್ಡಹೆಸರಿಟ್ಟಿದ್ದಾರೆ. ನನಗದು ಬಿರುದು. "ಕರ್ತನೇ, ತಪ್ಪು ಮಾಡಿ ಬಾಯಿ ಬಿಡಲಾರದೆ ಒದ್ದಾಡುತ್ತಿರುವ ನನ್ನ ಮಗಳಿಗೆ ಬುದ್ಧಿ ಕೊಡು" ಎಂದು ಶುರು ಮಾಡಿದವಳು ವಾರ್ಡು, ಹಾಸಿಗೆ, ಮಾತ್ರೆ ಎಲ್ಲವನ್ನೂ ಒಪ್ಪಿಸಿದೆ. ದೇವರಿಗೆ ಗೊತ್ತಿಲ್ಲವೇನೋ ಎಂಬಂತೆ. ಕಣ್ಣು ಬಿಟ್ಟರೆ ಎದುರಿಗೇ ನಿಮ್ಮ ಮುಖ್ಯ ನರ್ಸಿನ ನಾದಿನಿ. ಅಂದೇ ಮೊದಲ ಸಲ ಕೂಟಕ್ಕೆ ಬಂದಿದ್ದಳು.

ಗುರುವಾರ ಬೆಳಿಗ್ಗೆ ನೀನು ಮಾತೆತ್ತುವ ಮೊದಲೇ ನಿನ್ನನ್ನು ಕರೆಸಿದರು. ತಪ್ಪಿಗಿಂತ, ಮುಚ್ಚಿಟ್ಟಳು ಎಂಬ ಆಪಾದನೆಯೇ ದೊಡ್ಡದಾಯಿತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದಿದ್ದಾರಂತೆ.

ನಿಮ್ಮಪ್ಪ ಅಂದರು, "ಅವ್ಳು ದೇವರ ಹತ್ರ ಹೇಳು ಅಂದ್ಲು. ನೀನು ಊರಿಗೆಲ್ಲ ಹೇಳ್ದೆ." ನನಗೆ ರೇಗಿತು. "ಪ್ರಾರ್ಥನೆ ಮಾಡೋದೂ ತಪ್ಪಾ?" ಎಂದು ತಟ್ಟೆ ಕುಕ್ಕಿದೆ. ಅವರು ಊಟ ಬಿಟ್ಟು ಎದ್ದುಹೋದರು.

ಈ ಬುಧವಾರ ಪಾಸ್ಟರಮ್ಮ "ನೀವೇ ಮುಗಿಸಿ ಸಿಸ್ಟರ್" ಅಂದಾಗ "ತಂದೆ, ನನಗೆ ಬುದ್ಧಿ ಕೊಡು" ಅಂದೆ, ಅಷ್ಟೇ. ಪ್ರಾರ್ಥನೆ ಮುಗಿಯಿತೆಂದು ಯಾರಿಗೂ ತಿಳಿಯದೆ ಆಮೆನ್ ಹೇಳುವುದೂ ತಡವಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಯಲಿ, ನನ್ನ ನಾಲಿಗೆಯಿಂದಲೂ ಕಾಯಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ನಿಮ್ಮಪ್ಪನಿಗೂ ಹೇಳದ ಒಂದು ಮಾತಿದೆ. ಕೂಟಕ್ಕೆ ಅರ್ಧ ಗಂಟೆ ಮುಂಚೆ ನೀನು ಮತ್ತೆ ಫೋನ್ ಮಾಡಿ, "ಅಮ್ಮ, ಮನಸ್ಸು ಗಟ್ಟಿ ಆಯ್ತು, ನಾಳೆ ಹೆಡ್ ನರ್ಸ್ ಮೇಡಂ ರಜೆ ಮುಗಿಸಿ ಬಂದ ತಕ್ಷಣ ನಾನೇ ಹೇಳ್ಬಿಡ್ತೀನಿ" ಎಂದಿದ್ದೆಯಲ್ಲ, ಅದು. ವಿಚಾರಣೆ ಮಾಡುವವರಿಗೆ ಅದನ್ನು ಬರೆದು, ಸಹಿ ಹಾಕಿ, ಇದರ ಜೊತೆಗಿಟ್ಟಿದ್ದೇನೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ದೇವರು ನಿನಗೆ ಬುದ್ಧಿ ಕೊಟ್ಟಾಗಿತ್ತು, ಅದು ಗೊತ್ತಿದ್ದೇ ನಾನು ಪ್ರಾರ್ಥನೆಗೆ ನಿಂತೆ. ಆ ಮಾತೊಂದನ್ನು ಬೇಕೆಂದೇ ಬಿಟ್ಟೆ. ಹೇಳಿದರೆ ಪ್ರಾರ್ಥನೆ ಸಪ್ಪೆಯಾಗುತ್ತದೆ ಅನ್ನಿಸಿತು ಕಣೇ.