ಬಾವಿಯ ದೆವ್ವ ಕ್ಷಮೆ ಕೇಳಿತಂತೆ

ಅಕ್ಕಾ,

ಮೈಯೆಲ್ಲ ಉರಿಯುತ್ತಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಗಂಗಾವತಿಯ ಟೆಂಟಿನಲ್ಲಿ ನಾವಿಬ್ಬರೂ ಆ ಬಾವಿ ದೆವ್ವದ ಸಿನಿಮಾ ನೋಡಿದ್ದು ನೆನಪಿದೆಯಲ್ಲ? ಗಂಡನೇ ಬಾವಿಗೆ ನೂಕಿದ ಹೆಂಡತಿ ದೆವ್ವವಾಗಿ ತಿರುಗಿ ಬರುವ ಕತೆ. ಗಂಡಸರ ಕಡೆಯವರು ಹೆದರಿ ಬೀಡಿ ಹಚ್ಚಿಕೊಂಡರು. ನಮ್ಮ ಹೆಂಗಸರು ಮಾತ್ರ, ದೆವ್ವ ಅವನ ಕುತ್ತಿಗೆಗೆ ಕೈ ಹಾಕಿದಾಗ, "ಬಿಡಬ್ಯಾಡಬೇ, ಬಿಡಬ್ಯಾಡ!" ಎಂದು ಕೂಗಿದರು. ನೀನಂತೂ ಎದ್ದೇ ನಿಂತಿದ್ದೆ. ನಿನಗಾಗ ಮದುವೆ ಗೊತ್ತಾಗಿತ್ತು.

ಅದರ ಮುಂದಿನ ಕತೆ ಇವತ್ತು ಟೀವಿಯಲ್ಲಿ ಬರುತ್ತದೆ ಎಂದು ಪಕ್ಕದ ಮನೆಯ ಫಾತಿಮಾ ಚಾಚಿ ಕರೆದರು. ಓಣಿಗೆ ಓಣಿಯೇ ಅಲ್ಲಿ ಸೇರಿತ್ತು. ಅವ್ವನನ್ನೂ ಎಳೆದುಕೊಂಡು ಹೋದೆ. ಏನು ಮಾಡಿದ್ದಾರೆ ಗೊತ್ತಾ? ದೆವ್ವಕ್ಕೆ ಇಸ್ತ್ರಿ ಸೀರೆ, ತುಟಿಗೆ ಬಣ್ಣ! ರಟ್ಟಿನ ಬಾವಿ, ಕೈ ತಾಗಿದರೆ ಅಲ್ಲಾಡುತ್ತಿತ್ತು. ಹೋಗಲಿ, ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಕೊನೆಗೆ ಹೇಳುತ್ತಾರೆ, ಗಂಡ ನೂಕಿಯೇ ಇರಲಿಲ್ಲವಂತೆ. ಅವಳದೇ ಕಾಲು ಜಾರಿತ್ತಂತೆ! ದೆವ್ವ ಅವನ ಕಾಲಿಗೆ ಬಿದ್ದು, ತಪ್ಪಾಯಿತು ಎಂದು ಅತ್ತು, ಹೊಗೆಯಾಗಿ ಹೋಯಿತು. ಸತ್ತ ಮೇಲೂ ಅವಳೇ ಕ್ಷಮೆ ಕೇಳಬೇಕೇ? ಇದನ್ನು ಬರೆದವನಿಗೆ ಅಕ್ಕತಂಗಿಯರಿಲ್ಲವೇ?

ಕುಷ್ಟಗಿಯಿಂದ ನಿನ್ನ ಗಂಡನ ಮನೆಯವರು ಹೇಳಿ ಕಳಿಸಿದ್ದೂ ಇದನ್ನೇ ಅಲ್ಲವೇ? ನೀರು ಸೇದುವಾಗ ಕಾಲು ಜಾರಿತು ಎಂದರು. ಅಪ್ಪ ಹೂಂ ಎಂದುಬಿಟ್ಟ. ಅವ್ವ ಅಂದಿನಿಂದ ನಿನ್ನ ಹೆಸರು ಎತ್ತಿದವಳಲ್ಲ. ನಾನು ಕೇಳಿದರೆ ಎದ್ದು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ಅವಳ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ...

ಇವತ್ತು ಟೀವಿಯಲ್ಲಿ ಕೊನೆಯ ಹಾಡು ಮುಗಿಯುವ ಮೊದಲೇ ಅವ್ವ ಎದ್ದು ನಿಂತಳು. "ಕೂಡ್ರಿ ವೈನಿ, ಚಾ ಇಟ್ಟೀನಿ" ಎಂದು ಚಾಚಿ ಕೈ ಹಿಡಿದರು. ಅವ್ವ ಕೂರಲಿಲ್ಲ. ಅಷ್ಟೂ ಹೆಂಗಸರ ಎದುರು ನಿನ್ನ ಹೆಸರು ಹಿಡಿದು ಹೇಳಿದಳು.

"ನಮ್ಮ ನೀಲಾ ಕಾಲುವಿಯಾಗ ಈ ದಂಡಿಯಿಂದ ಆ ದಂಡಿಗೆ ಈಜತಿದ್ಲು. ಕಾಲು ಜಾರಿ ಬಿದ್ದಿದ್ರ ಈಜಿ ಮ್ಯಾಲೆ ಬರತಿದ್ಲು."

ಚಾಚಿ ಟೀವಿ ಆರಿಸಿದರು.

ನಾಳೆ ಮೊದಲ ಬಸ್ಸಿಗೆ ಅವ್ವನೂ ನಾನೂ ಕುಷ್ಟಗಿಗೆ ಹೊರಟಿದ್ದೇವೆ ಅಕ್ಕಾ. ನಿನ್ನ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತೇವೆ.